ಬೀಗರ ಬಿಚ್ಚದ ಇಂಜಿನ್ನು

ನಮ್ಮ ಬೀಗರು ಹೆಂಡತಿಯ ಮಾತು ಕೇಳಿದವರಲ್ಲ, ಡಾಕ್ಟರ ಮಾತು ಕೇಳಿದವರಲ್ಲ, ಊರ ಹಿರಿಯರ ಮಾತಂತೂ ಇಲ್ಲವೇ ಇಲ್ಲ. ಈ ಭೂಮಿಯ ಮೇಲೆ ಅವರು ಕೇಳುತ್ತಿದ್ದದ್ದು ಒಂದೇ ಮಾತು. ಅದು ತಮ್ಮ ಪಿಕಪ್ಪಿನ ಇಂಜಿನ್ನಿನ ಮಾತು!

ಹೀಗೆ ಬರೆದೆನೆಂದು ನನ್ನನ್ನು ಚಾಡಿಕೋರಿ ಅನ್ನಬೇಡಿ. ಬೀಗರನ್ನು ಆಡಿಕೊಳ್ಳುವುದು ನಮ್ಮ ಕಡೆ ಹುಟ್ಟಿನಿಂದ ಬಂದ ಹಕ್ಕು. ಆಡಿಕೊಳ್ಳದಿದ್ದರೆ, ಸಂಬಂಧ ಕೆಟ್ಟಿದೆಯೇನೋ ಎಂದು ಓಣಿಯವರು ವಿಚಾರಿಸಲು ಬರುತ್ತಾರೆ. ಅದೂ ಅಲ್ಲದೆ ನಾನು ಕಲಿತದ್ದು ಮೂರನೆಯ ಇಯತ್ತೆ. ಇದ್ದದ್ದನ್ನು ಇದ್ದ ಹಾಗೆ ಬರೆಯುವುದಷ್ಟೇ ಗೊತ್ತು.

ಬೀಗರೆಂದರೆ ನನ್ನ ಮಗಳ ಮಾವ, ಇಂಗಳೇಶ್ವರದವರು. ಇಂಡಿಯಲ್ಲಿ ನಿಂಬೆಹಣ್ಣು ಹೇರಿಕೊಂಡು ಸಿಂದಗಿಗೆ, ಬಸವನ ಬಾಗೇವಾಡಿಗೆ, ನಮ್ಮ ಮುದ್ದೇಬಿಹಾಳಕ್ಕೆ ಹಾಕುವುದು ಅವರ ಕಸುಬು. ಆ ಪಿಕಪ್ಪು ಎಷ್ಟು ಓಡಿತ್ತೆಂದರೆ, ಎಣಿಸಿ ಎಣಿಸಿ ಮೀಟರೇ ಸೋತು ಎರಡು ಸಲ ಸೊನ್ನೆಗೆ ಬಂದಿತ್ತು. ಮೊದಲ ಸಲ ಸೊನ್ನೆಯಾದಾಗ ಸಿಂದಗಿಯ ದಾರಿಯಲ್ಲೇ ಗಾಡಿ ನಿಲ್ಲಿಸಿ, ಕಾಯಿ ಒಡೆದು, ಹೋಗುವವರಿಗೂ ಬರುವವರಿಗೂ ನಿಂಬೆಹಣ್ಣು ಹಂಚಿದರಂತೆ. ಪೇಢೆ ಹಂಚಿದವರನ್ನು ನೋಡಿದ್ದೇನೆ. ನಿಂಬೆಹಣ್ಣು ಹಂಚಿದರೆ ಜನ ಮಾಟವೆಂದು ಓಡುವುದಿಲ್ಲವೇ? ಅರ್ಧ ಜನ ಓಡಿದರಂತೆ.

ಆದರೆ ಅವರ ಹೆಮ್ಮೆ ಗಾಡಿ ಓಡಿದ ದೂರದ್ದಲ್ಲ. ಇಷ್ಟು ಓಡಿದರೂ ಆ ಇಂಜಿನ್ನನ್ನು ಒಮ್ಮೆಯೂ ಬಿಚ್ಚಿರಲಿಲ್ಲ, ಅದು.

"ನನ್ನ ಹೊಟ್ಟೀನ ಎರಡ ಸಲ ಬಿಚ್ಚ್ಯಾರ್ರಿ ಬೀಗತಿಯವ್ರ, ಇದರದ ಒಂದ ಸಲಾನೂ ಬಿಚ್ಚಿಲ್ಲ," ಎಂದು ಅಂಗಿ ಎತ್ತಿ ಹೊಲಿಗೆ ತೋರಿಸುವರು.

"ಅದಕ್ಕ ಹಾಕೂ ಎಣ್ಣಿ ನೀವೂ ಕುಡೀಬೇಕಿತ್ತು," ಎಂದು ನಾನು.

ಎಣ್ಣೆ ಎಂದೆನಲ್ಲ, ನಾವು ಉಂಡೆಗೆ ಪಾಕ ನೋಡುತ್ತೇವಲ್ಲ, ಹಾಗೆ ಅವರು ಇಂಜಿನ್ನಿನ ಎಣ್ಣೆಯನ್ನು ಎರಡು ಬೆರಳಲ್ಲಿ ತಿಕ್ಕಿ, ಎಳೆದು, ಮೂಸಿ ನೋಡುವರು. ದಿನಾ ಬೆಳಗ್ಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಕೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ಕೇಳುವರು. ಕೇಳಿ ಮುಗಿದ ಮೇಲೆ, "ಸಪ್ಪಳಾ ಬರೋಬ್ಬರಿ ಐತಿ, ಏನೂ ಊನ ಇಲ್ಲ," ಎಂದು ತಮಗೆ ತಾವೇ ಹೇಳಿಕೊಳ್ಳುವರು. ಆಮೇಲೇ ಅವರಿಗೆ ಚಹಾ.

ಕನ್ಯೆ ನೋಡಲು ಬಂದ ದಿನ ಮಾಡಿದ್ದು ಕೇಳಿ. ಎಲ್ಲರೂ ಒಳಗೆ ಬಂದು ಕೂತರು. ಇವರು ಮಾತ್ರ ಹೊರಗೆ, ಗಾಡಿ ಚಾಲೂ ಇಟ್ಟುಕೊಂಡು ನಿಂತಿದ್ದಾರೆ.

"ಒಳಗ ಬರ್ರಿ, ದೂರದಿಂದ ಬಂದೀರಿ, ದಣಿವು ಆರಿಸ್ಕೋರಿ," ಎಂದೆ.

"ಮೊದಲ ಅದು ದಣಿವು ಆರಿಸ್ಕೊಳ್ಳಲಿ ತಡೀರಿ. ಬಿಸಿ ಇಂಜಿನ್ ಒಮ್ಮೆಲೆ ಬಂದ್ ಮಾಡಬಾರದು."

ಕೊನೆಗೆ ಒಳಗೆ ಬಂದು ನನ್ನ ಮಗಳನ್ನು ಕೇಳಿದ್ದು ಒಂದೇ ಪ್ರಶ್ನೆ. "ಯವ್ವಾ, ಹಾಲು ಉಕ್ಕೂ ಮೊದಲ ನಿನಗ ಗೊತ್ತಾಕ್ಕೈತೇನು?"

"ಸಪ್ಪಳಾ ಬದಲ ಆಕ್ಕೈತಲ್ರಿ," ಎಂದಳು ಅವಳು.

ಬೀಗರು ತೊಡೆ ತಟ್ಟಿ, "ಸಂಬಂಧ ಆತ್ರಿ," ಎಂದರು. ಹುಡುಗ ಇನ್ನೂ ಹುಡುಗಿಯ ಮುಖ ನೋಡಿರಲಿಲ್ಲ!

ಪಿಕಪ್ಪಿನಲ್ಲಿ ಎರಡು ಕಾಯಿದೆಗಳಿದ್ದವು. ಒಂದು, ಒಳಗೆ ಕೂತವರು ಬಾಯಿ ಬಿಡಬಾರದು. ನಾನು ಒಮ್ಮೆ ಬಾಗೇವಾಡಿಯಿಂದ ಬರುವಾಗ ನಮ್ಮ ಓಣಿಯ ಒಂದು ಬಹಳ ಸವಿಯಾದ ಸುದ್ದಿ ಶುರುಮಾಡಿದ್ದೆ. ಬೆರಳೆತ್ತಿದರು. "ನಿಮ್ಮ ದನಿಯಾಗ ಅದರ ದನಿ ಕೇಳವಲ್ದ್ರಿ." ಆ ಸುದ್ದಿ ಇವತ್ತಿಗೂ ನನ್ನ ಹೊಟ್ಟೆಯಲ್ಲೇ ಇದೆ.

ಇನ್ನೊಂದು, ಇಂಜಿನ್ನಿನ ಕಾವು ತೋರಿಸುವ ಮುಳ್ಳು ನಡು ದಾಟಿತೋ, ಬೇವಿನ ನೆರಳು ಹುಡುಕಿ ನಿಲ್ಲಿಸಲೇಬೇಕು. ಕಾದ ಇಂಜಿನ್ ಓಡಿಸುವವನು ಕಟುಕ ಎಂದು ಅವರ ವಾದ. ಮಗನ ಮದುವೆಯ ದಿನವೂ ನಿಡಗುಂದಿಯ ಹತ್ತಿರ ನಿಲ್ಲಿಸಿಬಿಟ್ಟರು. "ಅಪ್ಪಾ, ಮುಹೂರ್ತ ಮೀರತೈತಿ," ಎಂದು ಮಗ ಬಡಕೊಂಡ. "ಮುಹೂರ್ತ ಇನ್ನೊಂದ ಸಿಗತೈತಿ, ಇಂಥಾ ಇಂಜಿನ್ ಸಿಗಂಗಿಲ್ಲ," ಎಂದರು. ಪಾಪ, ವರ ಬಾಸಿಂಗ ಕೈಯಲ್ಲಿ ಹಿಡಿದು ಕೆಂಪು ಬಸ್ಸಿನಲ್ಲಿ ನಿಂತುಕೊಂಡು ಬಂದ. ಬೀಗರು ಊಟದ ಹೊತ್ತಿಗೆ ಬಂದರು. ಇಂಜಿನ್ನು ತಣ್ಣಗಿತ್ತು, ನಾನು ಕುದಿಯುತ್ತಿದ್ದೆ.

ಇಂಥವರ ಗಾಡಿಯಲ್ಲಿ ಈಗ ನನ್ನ ಮೊಮ್ಮಗಳು ಇಂಗಳೇಶ್ವರದಿಂದ ಮುದ್ದೇಬಿಹಾಳದವರೆಗೆ ಬಾಯಿ ಮುಚ್ಚದೆ ಮಾತಾಡುತ್ತಾಳೆ, ಹಾಡುತ್ತಾಳೆ, ಡ್ಯಾಶ್‌ಬೋರ್ಡು ಬಾರಿಸುತ್ತಾಳೆ. ಬೀಗರು ಬೆರಳೆತ್ತುವುದಿಲ್ಲ. ಯಾಕೆ ಗೊತ್ತೇ?

ಚೊಚ್ಚಲ ಬಾಣಂತನ ತವರಿನಲ್ಲಿ. ಸೀಮಂತದ ಕುಬಸ ಮುಗಿಸಿ ಮಗಳನ್ನು ಕರೆತರಲು ನಾನು ಹೋಗಿದ್ದೆ. "ಬಸ್ಸಿನ್ಯಾಗ ಯಾಕ, ನಾ ಬಿಟ್ಟ ಬರ್ತೇನಿ," ಎಂದು ಬೀಗರೇ ಹೊರಟರು. ಬೇಸಿಗೆಯ ಸುಡು ಮಧ್ಯಾಹ್ನ. ದಿನ ತುಂಬಲು ಇನ್ನೂ ತಿಂಗಳಿತ್ತು. ಆದರೆ ನಿಡಗುಂದಿ ದಾಟಿ ಎಷ್ಟೋ ದೂರ ಬಂದ ಮೇಲೆ ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಳು. ನೋವು ಶುರುವಾಗಿತ್ತು. ಹಿಂದಕ್ಕೆ ಹೋಗುವುದಕ್ಕಿಂತ ಮುದ್ದೇಬಿಹಾಳದ ದವಾಖಾನೆಯೇ ಹತ್ತಿರ.

ಆಗಲೇ ಮಗಳು, ಆ ನೋವಿನಲ್ಲೂ, "ಮಾವಾರ, ಸಪ್ಪಳಾ ಬದಲ ಆಗೇತಿ," ಎಂದಳು.

ನೀರಿನ ಪೈಪು ಸೀಳಿತ್ತು. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಮುಳ್ಳು ನಡು ದಾಟಿ ಕೆಂಪಿಗೆ ಏರುತ್ತಿತ್ತು. ಮುಂದೆ ರಸ್ತೆ ಬದಿಗೆ ದೊಡ್ಡದೊಂದು ಬೇವಿನ ಮರ. ಆ ಮರವನ್ನು ನೋಡಿ ಬೈದವಳು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ಬೀಗರು ಮರ ನೋಡಿದರು. ಮುಳ್ಳು ನೋಡಿದರು. ಆಮೇಲೆ ಸೊಸೆಯ ಕಡೆ ನೋಡಿದರು. ಅವಳು ಮಾವನ ಕಾಯಿದೆ ಮುರಿಯಬಾರದೆಂದು ಸೆರಗನ್ನು ಬಾಯಲ್ಲಿ ತುರುಕಿಕೊಂಡು ಚೀರು ನುಂಗುತ್ತಿದ್ದಳು.

ಮರ ಹಿಂದೆ ಹೋಯಿತು. ಗಾಡಿ ನಿಲ್ಲಲಿಲ್ಲ.

"ಸೆರಗ ತಗಿ ಯವ್ವಾ," ಎಂದರು. "ಎಷ್ಟ ಬೇಕ ಅಷ್ಟ ಒದರು. ಇವತ್ತ ನಾ ಅದರ ಮಾತ ಕೇಳಂಗಿಲ್ಲ."

ಅವಳು ಒದರಿದಳು. ಇಂಜಿನ್ನೂ ಒದರಿತು. ದವಾಖಾನೆಯ ಗೇಟಿನೊಳಗೆ ಹೋಗುತ್ತಲೇ ಕಟಕ್ಕೆಂದು ಕಚ್ಚಿಕೊಂಡು ನಿಂತಿತು. ಬಿಚ್ಚದೆ ಇನ್ನು ಗತಿಯಿಲ್ಲ ಎಂಬುದು ನನ್ನಂಥವಳಿಗೂ ಗೊತ್ತಾಯಿತು. ಬೀಗರು ಬಾನೆಟ್ಟು ಎತ್ತಿ ಸಹ ನೋಡಲಿಲ್ಲ, ನಮ್ಮ ಹಿಂದೆ ಓಡಿಬಂದರು.

ಹೆರಿಗೆ ಕೋಣೆಯ ಬಾಗಿಲು ಮುಚ್ಚಿತು. ಎಷ್ಟು ಹೊತ್ತೋ, ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತು ಮುಗಿಸಿದ್ದೆ. ಒಳಗಿಂದ ಎಳೆಯ ಅಳು ಕೇಳಿತು. ಎದ್ದು ನೋಡಿದರೆ, ಬೀಗರು ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ನಿಂತಿದ್ದಾರೆ. ಗಡ್ಡದಿಂದ ನೀರು ಇಳಿಯುತ್ತಿದೆ.

"ಬೀಗರ?" ಎಂದೆ.

ಬೆರಳೆತ್ತಿದರು. ಇನ್ನಷ್ಟು ಹೊತ್ತು ಕೇಳಿದರು.

"ಸಪ್ಪಳಾ ಬರೋಬ್ಬರಿ ಐತ್ರಿ ಬೀಗತಿಯವ್ರ," ಎಂದರು.