ಬೇಡ ಎನ್ನಲಾಗದ ಪಾಸ್‌ವರ್ಡು

ಬೇಡ ಎನ್ನುವ ವಿದ್ಯೆ ನನಗೆ ಒಲಿಯಲೇ ಇಲ್ಲ. ಊಟಕ್ಕೆ ಕೂತು ಎಲೆಗೆ ಅಡ್ಡ ಕೈ ಹಿಡಿದರೂ ನನ್ನ ಮುಖದಲ್ಲಿ ಅದೇನು ಕಾಣುತ್ತದೋ, ಬಡಿಸುವವರು ಬೆರಳ ಸಂದಿಯಲ್ಲೇ ಹೋಳಿಗೆ ತುರುಕಿ ಮುಂದೆ ಹೋಗುತ್ತಾರೆ. ತೊಂಬತ್ತರ ದಶಕದಲ್ಲಿ ಧಾರವಾಡ ಬಿಟ್ಟು ಗೋವೆಗೆ ಬಂದು, ವೆರ್ಣಾದ ಪಂಪು ಮಾಡುವ ಫ್ಯಾಕ್ಟರಿಯೊಂದರ ಕಂಪ್ಯೂಟರ್ ವಿಭಾಗ ಸೇರಿದೆ. ವಿಭಾಗ ಎಂದರೆ ನಾನು, ಎಲ್ಲರೂ ಸರದಿಯ ಮೇಲೆ ಬಳಸುವ ಒಂದು ಕಂಪ್ಯೂಟರು, ಅದಕ್ಕೊಂದು ಪ್ಲಾಸ್ಟಿಕ್ ಮುಸುಕು. ನಾನಿನ್ನೂ ಪ್ರೊಬೇಷನ್ ಮೇಲಿದ್ದೆ. ಕಾಯಂ ಆದರೆ ಮಡಗಾಂವಿನಲ್ಲಿ ಸಂಸಾರ. ಆಗದಿದ್ದರೆ ಧಾರವಾಡಕ್ಕೆ ಮರಳಿ ಮಾವನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವ ಯೋಗ. ಸಂಜೆ ಕಂಪನಿ ಬಸ್ಸು ಇಳಿದು ಮನೆಗೆ ಬಂದರೆ ಹೆಂಡತಿ ಸರೋಜಾ ಬಾಗಿಲಲ್ಲೇ, "ಕಾಯಂ ಆತೇನ್ರಿ?" ಎನ್ನುತ್ತಿದ್ದಳು. ಚಹಾದ ಮಾತು ಆಮೇಲೆ.

ನಮ್ಮ ಮ್ಯಾನೇಜರು ಕಾರವಾರದ ಕಾಮತರು. ಒಂದು ದಿನ ಕರೆದು, "ಎಲ್ಲರೂ ಪಾಸ್‌ವರ್ಡಿಗೆ ಮನೆದೇವರ ಹೆಸರು ಇಟ್ಟುಕೊಂಡಿದ್ದಾರೆ ಮಾರಾಯರೆ. ಯಾರೂ ಊಹಿಸಲಾಗದ ಪದ ತಾನೇ ಹುಟ್ಟಿಸುವ ಪ್ರೋಗ್ರಾಂ ಬರೀತೀರಾ? ಅದು ಸರಿಯಾದರೆ ನಿಮ್ಮ ಕಾಯಂ ಆರ್ಡರಿಗೆ ಸಹಿ ಹಾಕುತ್ತೇನೆ" ಎಂದರು. ಹೂಂ ಅಂದೆ. ಮತ್ತೇನು ಅನ್ನಲಿ?

ಬರೆದೆ. ಮೊದಮೊದಲು ಅದು ಕಾರಿಕೊಂಡ ಪದಗಳನ್ನು ಓದಲು ಹೋದರೆ ಸೀನು ಬಂದಂತಾಗುತ್ತಿತ್ತು. ಮನುಷ್ಯರ ಬಾಯಿಗೆ ಹಿಡಿಸಲೆಂದು ಒಂದು ವ್ಯಂಜನ, ಒಂದು ಸ್ವರ ಸರದಿಯಾಗಿ ಬರುವಂತೆ ತಿದ್ದಿ ಒತ್ತಿದಾಗ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ನಾಕಾ' ಎಂದು ಮೂಡಿತು. ಆಹಾ, ನಮ್ಮ ಧಾರವಾಡದ ಬಾಯಲ್ಲಿ ನಾಕ ಅಂದರೆ ನಾಲ್ಕು, ಅಕ್ಷರಗಳೂ ನಾಲ್ಕೇ! ಯಂತ್ರಕ್ಕೆ ನಮ್ಮ ಕಡೆಯ ಕನ್ನಡ ಬರುತ್ತದಲ್ಲ ಎಂದು ಹಿಗ್ಗಿ, ಕಂಪ್ಯೂಟರ್ ಆರಿಸಿ ಮನೆಗೆ ಹೋದೆ.

ಮರುದಿನದಿಂದ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ದಿನಕ್ಕೊಬ್ಬರಂತೆ ಪಾಸ್‌ವರ್ಡು ಹಂಚಿದೆ. ಪ್ರಿಂಟರಿನಿಂದ ಚೀಟಿ ಬರುವಾಗ ನಾನು ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಶಿಸ್ತು ಅಂದರೆ ಶಿಸ್ತು! "ಈ ಪದ ನಿಮ್ಮ ಬಾಯಿಂದ ಬಿದ್ದರೆ ನನ್ನ ನೌಕರಿ ಹೋಗುತ್ತದೆ" ಎಂದು ಎಲ್ಲರ ಹತ್ತಿರವೂ ಆಣೆ ಮಾಡಿಸಿದೆ. ಸ್ಟೋರ್ಸಿನ ಫಿಲೊಮೆನಾಬಾಯಿ ಚೀಟಿ ನೋಡಿ ಕಣ್ಣರಳಿಸಿ, "ಮಾತಾಡ್ತಾ ಮಾತಾಡ್ತಾ ಬಂದ್ರೆ?" ಎಂದರು. "ಬರಬಾರದು!" ಎಂದೆ, ಮಠದ ಸ್ವಾಮಿಗಳ ಗತ್ತಿನಲ್ಲಿ.

ಆಮೇಲೆ ಆಫೀಸಿನಲ್ಲಿ ವಿಚಿತ್ರವಾದ ಸೌಜನ್ಯ ಶುರುವಾಯಿತು. ಹುಳಿತೇಗಿನ ಫಿಲೊಮೆನಾಬಾಯಿ ಕೊಟ್ಟಷ್ಟು ಚಹಾ ಕಣ್ಣು ಮುಚ್ಚಿಕೊಂಡು ಕುಡಿದರು. ಕಾಮತರು ರಜೆ ಕೇಳಿದವರಿಗೆಲ್ಲ ರಜೆ ಕೊಟ್ಟರು. ಅಕೌಂಟ್ಸಿನ ಬೆಳಗಾವಿಯ ದೇಸಾಯರು ಶುದ್ಧ ಶಾಕಾಹಾರಿ, ಗೇಟಿನ ಬಳಿ ಮೀನಿನಾಕೆ "ಜಾಯ್?" ಎಂದು ಕೇಳಿದ್ದಕ್ಕೆ ಬೆವರು ಒರೆಸಿಕೊಂಡು ಬಂಗಡೆ ಕೊಂಡರು. ಗೋವೆಯ ಜನ ಎಷ್ಟು ಒಳ್ಳೆಯವರಪ್ಪಾ ಅಂದುಕೊಂಡೆ. ನನ್ನ ಕೊಂಕಣಿ 'ಜಾಯ್', ಅಂದರೆ ಬೇಕು, ಎಂಬಲ್ಲಿಗೇ ನಿಂತಿತ್ತು. ಮುಂದಿನ ಪದ ನನಗೆ ಎಂದೂ ಬೇಕಾಗಿರಲಿಲ್ಲ.

ಒಂದು ಶುಕ್ರವಾರ ಕಾಮತರು ಎಲ್ಲರನ್ನೂ ಕೂರಿಸಿ, ಆ ಭಾನುವಾರ ಸ್ಟಾಕ್ ಎಣಿಸಲು ಬರಬೇಕು ಎಂದರು. ಎಲ್ಲರೂ ಗಪ್‌ಚುಪ್. ಆ ಭಾನುವಾರವೇ ಫಿಲೊಮೆನಾಬಾಯಿಯ ತಂಗಿಯ ಮಗಳ ಮದುವೆ. ಆಕೆಯ ತುಟಿ ನಡುಗಿತು, ಮುಖ ಕೆಂಪಾಯಿತು. ಕೊನೆಗೆ ಮೇಜು ಗುದ್ದಿ, "ನಾಕಾ! ನಾಕಾ ಮ್ಹಳ್ಯಾರ್ ನಾಕಾ!" ಎಂದು ಕೂಗಿಯೇಬಿಟ್ಟರು. ಬೇಡ ಅಂದರೆ ಬೇಡ! ಮರುಕ್ಷಣ ಬಾಯಿಗೆ ಸೆರಗು ಒತ್ತಿ, "ಸಾಯ್ಬಾ! ನನ್ನ ಪಾಸ್‌ವರ್ಡು ಹೇಳಿಬಿಟ್ಟೆ!" ಎಂದರು.

"ನಿಮ್ಮದಾ? ಅದು ನನ್ನದಲ್ಲವಾ?" ಎಂದು ಕಾಮತರು ಎದ್ದು ನಿಂತರು.

"ಏ, ನಂದೂ ಅದ ಐತ್ರೀ! ಸುಮ್ಮನ ಬಂಗಡಿ ತಗೊಂಡ್ನೆಲ್ರೀ!" ಎಂದು ದೇಸಾಯರು ಹಣೆ ಬಡಿದುಕೊಂಡರು.

ಎಲ್ಲರೂ ನನ್ನತ್ತ ತಿರುಗಿದರು. ಇಸ್ಪೀಟು ಕಲಸದೆ ಹಂಚಿದರೆ ಪ್ರತಿ ಸಲವೂ ಮೊದಲ ಎಲೆ ಒಂದೇ ಬರುತ್ತದಲ್ಲ, ಹಾಗೆ ಎಲ್ಲರಿಗೂ ಅದೇ ಮೊದಲ ಪದ ಹೋಗಿತ್ತು. ಕಂಪ್ಯೂಟರ್ ಹಚ್ಚಿದಾಗಲೆಲ್ಲ ಹೊಸದಾಗಿ ಕಲಸು ಎಂದು ಹೇಳುವ ಒಂದೇ ಒಂದು ಸಾಲನ್ನು ನಾನು ಬರೆದಿರಲಿಲ್ಲ. ಗುಟ್ಟು ಕಾಯಿರಿ ಎಂದು ಆಣೆ ಮಾಡಿಸಿದ್ದರಿಂದ ಯಾರಿಗೂ ತಿಳಿಯಲೂ ಇಲ್ಲ.

ಕಾಮತರು ಕ್ಯಾಬಿನ್ನಿಗೆ ಕರೆದರು. ಸರೋಜಾಗೆ ಯಾವ ಮುಖ ಇಟ್ಟುಕೊಂಡು ಹೇಳಲಿ?

"ಈ ಪ್ರೋಗ್ರಾಮನ್ನು ಹೊಗಳಿ ಹೆಡ್ ಆಫೀಸಿಗೆ ಆಗಲೇ ಬರೆದಿದ್ದೇನೆ" ಎಂದು ಅವರು ನಿಟ್ಟುಸಿರು ಬಿಟ್ಟರು. "ಈಗ ನಿಮ್ಮನ್ನು ತೆಗೆದರೆ ಇಡೀ ವೆರ್ಣಾದ ತುಂಬ ಇದನ್ನೇ ಹೇಳಿಕೊಂಡು ತಿರುಗುತ್ತೀರಿ. ನಿಮ್ಮನ್ನು ಹೊರಗೆ ಬಿಡುವುದು ಅಪಾಯ ಮಾರಾಯರೆ." ಹಾಗೆನ್ನುತ್ತಲೇ ಆರ್ಡರಿಗೆ ಸಹಿ ಹಾಕಿದರು.

ಸಂಜೆ ಸರೋಜಾ ಆರ್ಡರನ್ನು ದೇವರ ಮುಂದಿಟ್ಟು, "ಏನಂದ್ರು ಸಾಹೇಬ್ರು?" ಎಂದು ಕೇಳಿದಳು. ನಾನು ಸುಳ್ಳು ಹೇಳುವವನಲ್ಲ. "ನನ್ನಂಥವನ್ನ ಹೊರಗ ಬಿಟ್ರ ಕಂಪನಿಗೆ ಅಪಾಯ ಅಂದ್ರು" ಎಂದೆ.

ಅವಳ ಕಣ್ಣು ತುಂಬಿ ಬಂದವು. ಆಗಲೇ ಬೂತಿಗೆ ಕರೆದುಕೊಂಡು ಹೋಗಿ ಧಾರವಾಡಕ್ಕೆ ಫೋನು ಹಚ್ಚಿದಳು. "ಅಪ್ಪಾ, ನಮ್ಮನಿಯವ್ರನ್ನ ಬಿಟ್ಟುಕೊಡಾಕ ಕಂಪನಿಯವ್ರು ಅಂಜಾಕತ್ತಾರ!" ಎಂದು ಅವಳು ಕೂಗುತ್ತಿದ್ದರೆ, ನಾನು ಪಕ್ಕದಲ್ಲಿ ನಿಂತು ವಿನಯದಿಂದ ನೆಲ ನೋಡುತ್ತಿದ್ದೆ.