ಯಾರಿಗೂ ಬೇಡದ ಜ್ಯುರಾ ವೈನು

ಸ್ಯಾನ್ ಮಟಿಯೋದ ಒಂದು ವೈನ್ ಅಂಗಡಿಯಲ್ಲಿ ನನ್ನ ಕೆಲಸ. ಅಲ್ಲಿ ಬಾಗಿಲು ತೆಗೆದರೆ ಸಾಕು, ದಿನಕ್ಕೊಂದು ಏನಾದರೂ ಆಗಿಯೇ ತೀರುತ್ತಿತ್ತು, ವ್ಯಾಪಾರ ಒಂದನ್ನು ಬಿಟ್ಟು. ಓನರ್ ವಯಸ್ಸಾದ ಅಮೆರಿಕನ್. ಹರೆಯದಲ್ಲಿ ಫ್ರಾನ್ಸಿನ ಜ್ಯುರಾ ಅನ್ನೋ ಬೆಟ್ಟಸೀಮೆಗೆ ಹೋಗಿ, ಅಲ್ಲಿನ ವೈನಿಗೆ ಮನಸೋತು ಬಂದವರು. ಕೂಗಳತೆಯಲ್ಲಿ ವೈನಿಗೇ ಹೆಸರಾದ ನಾಪಾ ಇರುವಾಗ ಅದನ್ನು ಯಾರು ಕೊಳ್ಳುತ್ತಾರೆ? ಅಂಗಡಿಯ ಲೀಸು ಮುಗಿಯುತ್ತಾ ಬಂದಿತ್ತು, ಅದರ ಜೊತೆ ನನ್ನ ಕೆಲಸವೂ.

ಸ್ಪೆಲ್ಲಿಂಗು

ಒಬ್ಬ ಗಿರಾಕಿ ಬಾಟಲಿ ಎತ್ತಿ ಹಿಡಿದು, "ಲೇಬಲ್ಲಿನಲ್ಲಿ ಸಾವಿನ್ಯೋನ್ ಸ್ಪೆಲ್ಲಿಂಗು ತಪ್ಪಾಗಿದೆ" ಅಂದ.

"ಅದು ಎಲ್ಲ ಕಡೆ ಸಿಗುವ ಸಾವಿನ್ಯೋನ್ ದ್ರಾಕ್ಷಿ ಅಲ್ಲ, ಸವಾನ್ಯಾಂ. ಜ್ಯುರಾದ ದ್ರಾಕ್ಷಿ, ಜಾತಿಯೇ ಬೇರೆ" ಎಂದು ಓನರ್ ಶುರು ಮಾಡಿದರು. ಮಣ್ಣು, ಚಳಿ, ಕೊಯ್ಲು, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವರ ಗಂಟಲು ಒಣಗಿತ್ತು.

ಗಿರಾಕಿ ಗಂಭೀರವಾಗಿ ತಲೆದೂಗಿದ. "ಅರ್ಥವಾಯಿತು. ಈ ಪ್ರಿಂಟಿಂಗ್ ಮಿಸ್ಟೇಕಿಗೆ ಡಿಸ್ಕೌಂಟ್ ಎಷ್ಟು ಕೊಡ್ತೀರಿ?"

ನೀರು

ಮಿಲ್ಪಿಟಾಸಿನ ಕನ್ನಡದ ಇಂಜಿನಿಯರ್ ಒಬ್ಬರು ತಮ್ಮ ಮ್ಯಾನೇಜರನ್ನು ಊಟಕ್ಕೆ ಕರೆದಿದ್ದರು. ಪುಲ್ಸಾರ್ ದ್ರಾಕ್ಷಿಯ ಕೆಂಪು ವೈನನ್ನು ನಾನೇ ಆರಿಸಿ ಕೊಟ್ಟೆ. ಆ ದ್ರಾಕ್ಷಿಯ ಸಿಪ್ಪೆ ತೆಳು, ಹಾಗಾಗಿ ವೈನಿನ ಬಣ್ಣವೂ ತಿಳಿ. ಸಂಜೆ ಆ ಇಂಜಿನಿಯರ್ ಫೋನು ಬಂತು. ಓನರ್ ಆಸೆಯಿಂದ ಸ್ಪೀಕರ್ ಹಾಕಿಸಿದರು.

"ಏನ್ ಮೇಡಂ, ನಮ್ಮೋರು ಅಂತ ನಂಬಿದ್ರೆ ಹಿಂಗಾ ನೀರು ಬೆರೆಸೋದು? ಊರಲ್ಲಿ ನಮ್ಮ ಹಾಲಿನವನೇ ಎಷ್ಟೋ ವಾಸಿ!"

"ಏನಂತೆ?" ಕನ್ನಡ ಬಾರದ ಓನರ್ ಪಿಸುಗುಟ್ಟಿದರು.

ಆ ಮುಖ ನೋಡಿ ನಿಜ ಹೇಳಲು ಬಾಯಿ ಬರಲಿಲ್ಲ. "ಕುಡಿದ ಕೂಡಲೇ ಊರು ನೆನಪಾಯಿತಂತೆ" ಅಂದೆ.

"ಕೊನೆಗೂ ಒಬ್ಬನಿಗೆ ಅರ್ಥವಾಯಿತು! ಅವನಿಗೆ ಒಂದು ಪೆಟ್ಟಿಗೆ ಪೂರ್ತಿ ಕಳಿಸು!"

ಕೆಟ್ಟದ್ದು

ಜ್ಯುರಾದಲ್ಲಿ ಹಳದಿ ವೈನು ಅಂತ ಒಂದಿದೆ. ಸವಾನ್ಯಾಂ ರಸವನ್ನು ಪೀಪಾಯಿಯಲ್ಲಿ ವರ್ಷಗಟ್ಟಲೆ ಮುಟ್ಟದೆ ಬಿಟ್ಟು ಮಾಡುವುದು. ಅದನ್ನು ಕೊಂಡಿದ್ದ ಹೆಂಗಸೊಬ್ಬಳು ಮರುದಿನವೇ ವಾಪಸು ತಂದಳು. "ಕೆಟ್ಟುಹೋಗಿದೆ."

ಓನರ್ ಒಂದು ಗುಟುಕು ಕುಡಿದರು. ಹಾಗೇ ರಟ್ಟಿನ ಪೆಟ್ಟಿಗೆಯ ಮೇಲೆ ಕುಸಿದು ಕೂತು, "ನನ್ನ ಜೀವನದಲ್ಲೇ ಇಷ್ಟು ಒಳ್ಳೆಯದು ಕುಡಿದಿಲ್ಲ" ಎನ್ನುತ್ತಾ ಬಾಟಲಿಯನ್ನು ಎದೆಗೊತ್ತಿಕೊಂಡರು.

ಆಕೆ ನನ್ನನ್ನು ಪಕ್ಕಕ್ಕೆ ಕರೆದಳು. "ಇವರನ್ನು ನೋಡಿಕೊಳ್ಳೋಕೆ ಮನೆಯಲ್ಲಿ ಯಾರೂ ಇಲ್ಲವಾ?"

ವಾಸನೆ

ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಗೆ ನಾನು ವೈನ್ ಮಾರುತ್ತೇನೆಂದು ಹೇಳುವ ಧೈರ್ಯ ನನ್ನ ಗಂಡನಿಗೂ ಇರಲಿಲ್ಲ. ಗ್ರೋಸರಿ ಅಂಗಡಿ ಎಂದಿದ್ದೆವು. ಅಂಗಡಿ ಮುಚ್ಚುವುದೇ ಸೈ ಎಂದು ಓನರ್ ಹೇಳಿದ ದಿನ, ಪ್ಯಾಕ್ ಮಾಡುವಾಗ ಹಳದಿ ವೈನಿನ ಬಾಟಲಿ ಕೈಜಾರಿ ಒಡೆದು ನನ್ನ ಸ್ವೆಟರೆಲ್ಲ ಒದ್ದೆಯಾಯಿತು. ಸನ್ನಿವೇಲಿನ ಮನೆ ತನಕ ರೈಲಿನಲ್ಲಿ ದೇವರ ಹೆಸರು ಹೇಳುತ್ತಾ ಬಂದೆ. ಕೆಲಸ ಹೋಯಿತು, ಇನ್ನು ಮಾನ.

ಬಾಗಿಲು ತೆಗೆದ ಅತ್ತೆ ಮೂಗು ಹತ್ತಿರ ತಂದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಮೆಂತ್ಯ ಹುರಿದ್ಯೇನೇ?"

"ಹೂಂ... ಅಂಗಡೀಲಿ, ಅತ್ತೆ."

"ಎಷ್ಟು ಘಮ್ಮಂತಿದೆ! ಇಲ್ಲಿ ಪ್ಯಾಕೆಟ್ ಮೆಂತ್ಯಕ್ಕೆ ವಾಸನೆಯೇ ಇಲ್ಲ. ಸಾರಿನಪುಡಿಗೆ ಬೇಕು, ನಿಮ್ಮ ಅಂಗಡಿಯದನ್ನೇ ತಂದುಬಿಡು."

ಮರುದಿನ ಇದನ್ನು ಹೇಳಿದಾಗ ಪೆಟ್ಟಿಗೆ ಕಟ್ಟುತ್ತಿದ್ದ ಓನರ್ ಕೈ ನಿಂತಿತು. ಹಳದಿ ವೈನಿನಲ್ಲಿ ಮೆಂತ್ಯದ ವಾಸನೆ ಇದೆ, ಇದೆ ಅಂತ ಅವರು ಕಂಡ ಗಿರಾಕಿಗೆಲ್ಲ ಹೇಳಿ ಸೋತಿದ್ದರಂತೆ. ಒಬ್ಬರ ಮೂಗಿಗೂ ಅದು ತಟ್ಟಿರಲಿಲ್ಲ. ಕಣ್ಣೊರೆಸಿಕೊಂಡು ಕೇಳಿದರು: "ಎಷ್ಟು ಬೇಕಂತೆ ಅವರಿಗೆ?"

"ಕಾಲು ಕೆಜಿ" ಅಂದೆ.