ಬೇಕರಿ ಡೆನ್ಸಿಯೋನ ಕ್ಯಾಲ್ಕುಲೇಟರ್

ಲುಸೇನಾ ಪಟ್ಟಣದ ಬೇಕರಿ ಡೆನ್ಸಿಯೋನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಬೆಳಗಿನ ಏಳು ಗಂಟೆಗೆ, ಆಫೀಸಿಗೆ ಹೊರಟ ಹೆಂಡತಿ ಅಂಪಾರೊ ಬೇಕರಿಯಲ್ಲಿ ನಿಂತು ಬಿಸಿ ಬನ್ನನ್ನು ಕಾಫಿಗೆ ಅದ್ದುತ್ತ ಆಡಿದ ಒಂದು ಮಾತಿನಿಂದ.

"ರಾಸೆಲಿಸ್ ಸರ್ ಕ್ಯಾಲ್ಕುಲೇಟರ್ ಮೇಲೆ ಬೆರಳಾಡಿಸೋದನ್ನ ನೀನು ನೋಡ್ಬೇಕು. ನೋಡ್ತಾ ಕೂತ್ರೆ ಹಸಿವೇ ಆಗಲ್ಲ."

ಅಂಪಾರೊ ಸರ್ವೆ ಆಫೀಸಿನಲ್ಲಿ ಸಹಾಯಕಿ. ಎಂಜಿನಿಯರ್ ಲೈಸೆನ್ಸ್ ಪರೀಕ್ಷೆಗೆ ಕಟ್ಟಿದ್ದಳು. ಎರಡು ತಿಂಗಳಿಂದ ದಿನಾ ಸಂಜೆ ರಾಸೆಲಿಸ್ ಸರ್ ಬಳಿ ಪಾಠ. ಹತ್ತು ಸಾಲಿನ ಲೆಕ್ಕವನ್ನು ಕ್ಯಾಲ್ಕುಲೇಟರಿನಲ್ಲಿ ನಾಲ್ಕು ಗುಂಡಿ ಒತ್ತಿ ಬಿಡಿಸುವ ಉಪಾಯಗಳನ್ನು ಕಲಿಸುವುದೇ ಅವರ ಕಸುಬು. ಡೆನ್ಸಿಯೋ ಆ ಮನುಷ್ಯನ ಮುಖ ಕಂಡವನಲ್ಲ. ಕಾಣದ ಮುಖಕ್ಕೆ ಮೀಸೆ, ಮೈಕಟ್ಟು, ಮೋಟರ್ ಬೈಕು ಎಲ್ಲವನ್ನೂ ತಾನೇ ಕೊಟ್ಟುಕೊಂಡಿದ್ದ.

ಬನ್ನು ಕೊಳ್ಳಲು ಬಂದಿದ್ದ ಪಕ್ಕದ ಮನೆಯ ಕೋರಿಂಗ್ ಅಕ್ಕ ಕೇಳಿಯೂ ಸುಮ್ಮನಿರುವ ಹೆಂಗಸಲ್ಲ. ಅಂಪಾರೊ ಅತ್ತ ಹೋದದ್ದೇ ತಡ, "ನೀನು ಹೀಗೇ ಒಲೆ ಮುಂದೆ ನಿಂತಿರು. ನನ್ನ ತಂಗಿ ಮಗಳಿಗೆ ಪಾಠ ಹೇಳಿದ ಮೇಷ್ಟ್ರು ಅವಳನ್ನೇ ಮದುವೆ ಆದ, ಗೊತ್ತೇನೋ?" ಅಂದಳು.

ಮುಚ್ಚಿಟ್ಟ ಹಿಟ್ಟಿನ ಹಾಗೆ ಹೊಟ್ಟೆಕಿಚ್ಚು ಉಬ್ಬುತ್ತ ಹೋಯಿತು. ಮಧ್ಯಾಹ್ನಕ್ಕೆ ಡೆನ್ಸಿಯೋ ಬೇಕರಿಯ ಬಾಗಿಲೆಳೆದ. ತಾನೇ ಕಲಿತು ತಾನೇ ಹೇಳಿಕೊಟ್ಟರೆ ಸಂಜೆ ಹೆಂಡತಿ ಮನೆಯಲ್ಲಿರುತ್ತಾಳೆ, ಸರ್ ಅವರ ಮನೆಯಲ್ಲಿರುತ್ತಾರೆ ಎಂಬುದು ಅವನ ಹಂಚಿಕೆ.

ಪುಸ್ತಕದಂಗಡಿಯ ಸೇಲ್ಸ್‌ಮನ್ ಜೋವೆಲ್ ಪರೀಕ್ಷೆಗೆ ಒಯ್ಯಲು ಬಿಡುವ ಕ್ಯಾಲ್ಕುಲೇಟರ್ ಮಾದರಿಗಳ ಪಟ್ಟಿ ತೆಗೆದ. ಇದು ನಾನೂರ ಹದಿನೇಳು ಬಗೆಯ ಲೆಕ್ಕ ಮಾಡುತ್ತದೆ, ಇದು ಐನೂರ ಐವತ್ತೆರಡು ಎಂದ. ರಾಸೆಲಿಸ್ ಹತ್ತಿರ ಖಂಡಿತ ಸಣ್ಣದೇ ಇರಬೇಕು ಎಂದುಕೊಂಡು ಡೆನ್ಸಿಯೋ ದೊಡ್ಡದನ್ನೇ ಕೊಂಡ. ಒಂದು ವಾರದ ಮೈದಾದ ದುಡ್ಡು ಆ ಡಬ್ಬಿಯೊಳಗೆ ಹೋಯಿತು.

ಸೈನ್ ಮೂವತ್ತು ಡಿಗ್ರಿ ಅಂದರೆ ಅರ್ಧ ಎಂದು ಅಂಪಾರೊಳ ನೋಟ್‌ಬುಕ್ಕಿನಲ್ಲಿತ್ತು. ಹಿಟ್ಟು ನಾದಿ ದಪ್ಪಗಾದ ಬೆರಳು ಒಂದು ಗುಂಡಿಗೆ ಹೋದರೆ ಎರಡನ್ನು ಒತ್ತುತ್ತಿತ್ತು. ಪೆನ್ಸಿಲ್ ತುದಿಯಿಂದ ಒತ್ತಿದ. ಮೈನಸ್ ಸೊನ್ನೆ ಪಾಯಿಂಟ್ ಒಂಬತ್ತು ಎಂಟು ಎಂಟು ಬಂತು. ಇಣುಕಿದ ಕೋರಿಂಗ್ ಅಕ್ಕ, ಮೈನಸ್ ಬರುವುದು ಸಂಸಾರಕ್ಕೆ ಒಳ್ಳೆಯದಲ್ಲ, ಯಂತ್ರಕ್ಕೆ ಥಂಡಿ ಹಿಡಿದಿದೆ, ಅಕ್ಕಿ ಡಬ್ಬದಲ್ಲಿ ಹೂತಿಡು ಎಂದಳು. ಇಟ್ಟ. ಅರ್ಧ ಗಂಟೆ ಬಿಟ್ಟು ತೆಗೆದಾಗಲೂ ಮೈನಸ್ಸೇ, ಗುಂಡಿಗಳ ಸಂದಿಗೆ ನುಚ್ಚು ಬೇರೆ.

ಮತ್ತೆ ಜೋವೆಲ್ ಹತ್ತಿರ ಓಡಿದ. ಜೋವೆಲ್ ನುಚ್ಚನ್ನು ಊದಿ, ಯಂತ್ರ ಕೋನವನ್ನು ಡಿಗ್ರಿ ಬಿಟ್ಟು ರೇಡಿಯನ್‌ನಲ್ಲಿ ಅಳೆಯುತ್ತಿದೆ ಎಂದು ಹೇಳಿ, ಒಂದೆರಡು ಗುಂಡಿ ಒತ್ತಿದ. ಅರ್ಧ ಬಂತು. ಡೆನ್ಸಿಯೋನ ಕಣ್ಣು ತುಂಬಿತು. ಹೆಂಡತಿ, ಸರ್, ಬೆರಳು, ಎಲ್ಲ ಸಂಕಟವನ್ನೂ ತೋಡಿಕೊಂಡು, ಪರೀಕ್ಷೆ ಮುಗಿಯುವವರೆಗೆ ಸಂಜೆ ಮನೆಗೆ ಬಂದು ತನಗೆ ಕಲಿಸಬೇಕು, ಊಟ ತಮ್ಮಲ್ಲೇ ಎಂದು ಕೈ ಹಿಡಿದುಕೊಂಡ.

"ಅದಕ್ಕೇನಣ್ಣ, ಒಂಟಿ ಜೀವ. ಅಡುಗೆ ಮಾಡೋದು ತಪ್ಪುತ್ತೆ," ಅಂದ ಜೋವೆಲ್.

ನೇರ ಮನೆಗೆ ಬಾ ಎಂದು ಅಂಪಾರೊಳಿಗೆ ಮೆಸೇಜು ಹೋಯಿತು. ಅವಳು ಬರುವಷ್ಟರಲ್ಲಿ ಡೆನ್ಸಿಯೋ ಜೋವೆಲ್‌ನ ಮೊದಲ ಪಾಠದಲ್ಲೇ ಮೂರು ಸಲ ಎಡವಿದ್ದ. ಅವನ ಕೈಯಿಂದ ಅವಳು ಯಂತ್ರ ಕಸಿದುಕೊಂಡಳು. ಜೋವೆಲ್ ಅರ್ಧ ಗಂಟೆ ಹೇಳಿಕೊಟ್ಟ ಮೇಲೆ, ಸರ್ ಎರಡು ತಿಂಗಳು ಹೇಳಿದರೂ ತಲೆಗೆ ಹೋಗದ್ದು ಈಗ ಹೋಯಿತು, ನಾಳೆಯಿಂದ ಅಲ್ಲಿಗೆ ಹೋಗುವುದಿಲ್ಲ ಎಂದು ಸಾರಿದಳು.

ಡೆನ್ಸಿಯೋ ಗೆದ್ದಿದ್ದ. ಗೆದ್ದ ಖುಷಿಯಲ್ಲಿ ಮೀನು ಕರಿಯಲು ಎದ್ದವನು ಒಮ್ಮೆ ತಿರುಗಿ ನೋಡಿದ. ನಕ್ಕರೆ ಜೋವೆಲ್‌ನ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಅಂಪಾರೊ ಅವನನ್ನು ನಗಿಸುತ್ತಲೇ ಇದ್ದಳು.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಕೋಲೂರಿಕೊಂಡು ನಿಂತಿದ್ದವರು ಎಂಬತ್ತರ ಹತ್ತಿರದ ಮುದುಕರು. ಬಾಯಲ್ಲಿ ಎಣಿಸಿ ನಾಲ್ಕು ಹಲ್ಲು.

"ನಾನು ರಾಸೆಲಿಸ್. ಅಂಪಾರೊ ಇವತ್ತು ಬರ್ಲಿಲ್ಲ, ಹುಷಾರಿಲ್ವೇನೋ ಅಂತ ನೋಡೋಕೆ ಬಂದೆ."

ಡೆನ್ಸಿಯೋ ಅವರ ಎರಡೂ ಕೈ ಹಿಡಿದುಕೊಂಡ. "ಸರ್, ನಾಳೆಯಿಂದ ತಪ್ಪದೆ ಬರ್ತಾಳೆ. ನಾನೇ ಕರ್ಕೊಂಡು ಬಂದು ಬಿಡ್ತೀನಿ."

ಮುದುಕರು ಒಳಗೆ ನಡೆಯುತ್ತಿದ್ದ ಪಾಠವನ್ನು ಸ್ವಲ್ಪ ಹೊತ್ತು ನೋಡಿದರು. "ಬೇಡಪ್ಪ. ಇವಳೊಬ್ಬಳಿಗೋಸ್ಕರ ಪಾಠ ಇಟ್ಕೊಂಡಿದ್ದೆ, ಇನ್ನು ನಾನು ಆರಾಮ. ಹೆಂಡತಿ ಓದಲಿ ಅಂತ ಇಂಥವನನ್ನ ಮನೆಗೇ ಕರ್ಕೊಂಡು ಬಂದಿದೀಯ. ಯಾವ ಗಂಡ ಮಾಡ್ತಾನೆ?"

"ಡೆನ್ಸಿಯೋ, ಇನ್ನೆರಡು ಮೀನು ಜಾಸ್ತಿ ಕರಿ," ಒಳಗಿನಿಂದ ಅಂಪಾರೊ ಕೂಗಿದಳು. "ಪರೀಕ್ಷೆ ಆಗೋವರೆಗೂ ನಾವಿಬ್ರೂ ರಜೆ ಹಾಕ್ತಿದೀವಿ. ನಿಂಗೆ ತೊಂದ್ರೆ ಆಗ್ಬಾರ್ದು ನೋಡು, ನೀನು ಬೇಕರಿಲಿರೋ ಹೊತ್ತಲ್ಲೇ ಓದ್ಕೋತೀವಿ."